ಎಂಡಿಎಫ್ ಹಲಗೆ ಬಿರಿಯದಂತೆ ಸ್ಕ್ರೂ ಕೂರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಣಗಿದ ಅಡಕೆ ದಬ್ಬೆಗೆ ಯಾರೂ ನೇರವಾಗಿ ಮೊಳೆ ಹೊಡೆಯುವುದಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ತೋಟದ ಕೆಲಸ ನೋಡಿ ಬೆಳೆದ ಮಕ್ಕಳಿಗೂ ಇದು ಗೊತ್ತು. ಮೊದಲು ಬೈರಿಗೆಯಲ್ಲಿ ತೂತು, ಆಮೇಲೆ ಮೊಳೆ. ತಪ್ಪಿದರೆ ದಬ್ಬೆ ಈ ತುದಿಯಿಂದ ಆ ತುದಿಯವರೆಗೆ ಸೀಳಿಹೋಗುತ್ತದೆ. ಅದೇ ಕೈಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಸಿಕ್ಕಿದಾಗ ಮಾತ್ರ ಈ ಎಚ್ಚರ ಇರುವುದಿಲ್ಲ. ಗಂಟಿಲ್ಲ, ನಾರಿನ ಗೆರೆಯಿಲ್ಲ, ಎಲ್ಲಿ ನೋಡಿದರೂ ಒಂದೇ ಥರ ನಯ. ಸೀಳಲು ಇಲ್ಲಿ ಏನಿದೆ ಎಂದು ಅನ್ನಿಸುವುದು ಸಹಜ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕನ್ನಡ ಶಾಲೆಯ ವಾಚನಾಲಯಕ್ಕೆ ಪುಸ್ತಕದ ಕಪಾಟು ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಹಲಸು, ತೇಗದಲ್ಲಿ ಕೆಲಸ ಮಾಡಿ ಅಭ್ಯಾಸವಿತ್ತು. ಶಾಲೆಯ ಬಜೆಟ್ಟಿಗೆ ಎಂಡಿಎಫ್ ಮಾತ್ರ ಹೊಂದುತ್ತಿತ್ತು. ಬದಿಯ ಹಲಗೆಯ ಮೂಲಕ ಅಡ್ಡ ಹಲಗೆಯ ಅಂಚಿಗೆ ಬ್ಯಾಟರಿ ಡ್ರಿಲ್ಲಿನಲ್ಲಿ ಒಂದೇ ಉಸಿರಿಗೆ ಸ್ಕ್ರೂ ಇಳಿಸಿದೆ. ಮೊದಲ ಎರಡು ಚೆನ್ನಾಗಿಯೇ ಹೋದವು. ಮೂರನೆಯದಕ್ಕೆ ಒಳಗಿನಿಂದ ‘ಟಪ್’ ಎಂದು ಸದ್ದು ಬಂತು. ಅಂಚು ಉಬ್ಬಿ, ಮಧ್ಯದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಸಂಜೆಯೊಳಗೆ ಬಲಬದಿಯ ನಾಲ್ಕು ಜಾಗಗಳಲ್ಲಿ ಹಾಗೆಯೇ ಆಗಿತ್ತು. ಮಕ್ಕಳ ಪುಸ್ತಕದ ಭಾರ ಹೊರಬೇಕಾದ ಕಪಾಟು ಅದು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅಲ್ಲಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಬಿರಿಯುವುದು ಯಾಕೆ

ಮರದ ಚಕ್ಕೆಗಳನ್ನು ಹಬೆಯಲ್ಲಿ ಬೇಯಿಸಿ, ಅರೆದು ಹತ್ತಿಯಂಥ ನಾರು ಮಾಡಿ, ಅದಕ್ಕೆ ರಾಳದ ಅಂಟು ಮತ್ತು ಸ್ವಲ್ಪ ಮೇಣ ಸೇರಿಸಿ, ಚಾಪೆಯಂತೆ ಹರಡಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಎಂಡಿಎಫ್ ಆಗುತ್ತದೆ. ಹರಡುವಾಗ ನಾರುಗಳು ಹೆಚ್ಚುಕಡಿಮೆ ಮಲಗಿದ ಸ್ಥಿತಿಯಲ್ಲೇ ಬೀಳುತ್ತವೆ, ಮೇಲಿನಿಂದ ಒತ್ತಿದಾಗ ಹಾಗೆಯೇ ಅಂಟಿಕೊಳ್ಳುತ್ತವೆ. ನಮ್ಮ ಮಾಂಬಳವನ್ನು ನೆನಪಿಸಿಕೊಳ್ಳಿ. ಚಾಪೆಯ ಮೇಲೆ ಮಾವಿನ ರಸವನ್ನು ದಿನಕ್ಕೊಂದು ಪದರ ಹೊಯ್ದು ಒಣಗಿಸುತ್ತೇವೆ. ಒಣಗಿದ ಮೇಲೆ ಮೇಲಿನಿಂದ ಬೆರಳಿನಲ್ಲಿ ಒತ್ತಿದರೆ ಅದಕ್ಕೆ ಏನೂ ಆಗದು. ಬದಿಯಿಂದ ಉಗುರು ತೂರಿಸಿದರೆ ಪದರ ಬಿಟ್ಟುಕೊಳ್ಳುತ್ತದೆ. ಎಂಡಿಎಫ್‌ನ ಪದರಗಳು ಕಣ್ಣಿಗೆ ಕಾಣುವುದಿಲ್ಲ, ನಡತೆ ಮಾತ್ರ ಇದೇ.

ಇನ್ನೊಂದು ಸಂಗತಿಯಿದೆ. ಪ್ರೆಸ್ಸಿನ ಬಿಸಿ ತಟ್ಟೆ ನೇರವಾಗಿ ತಾಗುವ ಎರಡೂ ಮುಖಗಳು ಹೆಚ್ಚು ಗಟ್ಟಿ, ನಡುವಿನ ಭಾಗ ಮೆದು. ಸಾಮಾನ್ಯ ಎಂಡಿಎಫ್‌ನ ಸಾಂದ್ರತೆ ಘನ ಮೀಟರಿಗೆ 700ರಿಂದ 750 ಕೆ.ಜಿ. ಎನ್ನುವುದು ಇಡೀ ಹಲಗೆಯ ಸರಾಸರಿ ಅಷ್ಟೇ. ಅಂಚಿಗೆ ಹಾಕುವ ಸ್ಕ್ರೂ ಹೋಗಿ ಕೂರುವುದು ಸರಿಯಾಗಿ ಆ ಮೆದು ನಡುವಿಗೆ. ಸ್ಕ್ರೂ ತನ್ನ ಮೈಗೆ ಬೇಕಾದ ಜಾಗವನ್ನು ತಾನೇ ಮಾಡಿಕೊಳ್ಳಬೇಕಾಗಿ ಬಂದರೆ ನಾರನ್ನು ಎರಡೂ ಕಡೆಗೆ ತಳ್ಳುತ್ತದೆ, ಬೆಣೆಯಂತೆ ಕೆಲಸ ಮಾಡುತ್ತದೆ. ಮರವಾದರೆ ಸ್ವಲ್ಪ ಒತ್ತಿಸಿಕೊಂಡು ಜಾಗ ಕೊಡುತ್ತದೆ. ಎಂಡಿಎಫ್ ಅನ್ನು ಕಾರ್ಖಾನೆಯಲ್ಲೇ ಒತ್ತಿ ಮುಗಿಸಿದ್ದಾರೆ, ಇನ್ನು ಒತ್ತಿಸಿಕೊಳ್ಳುವ ಜಾಗ ಅದರಲ್ಲಿ ಕಡಿಮೆ. ಹಾಗಾಗಿ ಪದರ ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ಜಾಗವನ್ನು ನಾವೇ ಮೊದಲು ಮಾಡಿಕೊಡಬೇಕು. ಸ್ಕ್ರೂವಿನ ಸುರುಳಿಯ ಅಲಗು ಮಾತ್ರ ನಾರನ್ನು ಕಚ್ಚಬೇಕು, ಮೈ ಸಲೀಸಾಗಿ ತೂತಿನಲ್ಲಿ ಕೂರಬೇಕು. ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸುವ ದಾರಿ.

ಹಲಗೆ ಮತ್ತು ನಮ್ಮ ಮಳೆ

ಕಾಸರಗೋಡು ಸೀಮೆಯಲ್ಲಿ ಹಲಗೆ ಆರಿಸುವುದೆಂದರೆ ಮೊದಲು ತೇವದ ಬಗ್ಗೆ ಯೋಚಿಸುವುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ಇದು. ನೀರು ಕುಡಿದ ಎಂಡಿಎಫ್ ಉಬ್ಬುತ್ತದೆ, ಒಣಗಿದ ಮೇಲೂ ಪೂರ್ತಿ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಉಬ್ಬಿದ ಅಂಚಿನಲ್ಲಿ ನಾರಿನ ಬಂಧ ಆಗಲೇ ಸಡಿಲಾಗಿರುತ್ತದೆ. ಅಲ್ಲಿ ನೀವು ಎಷ್ಟೇ ನಾಜೂಕಾಗಿ ಕೆಲಸ ಮಾಡಿದರೂ ಸ್ಕ್ರೂ ಹಿಡಿಯದು.

ಅಡುಗೆಮನೆ, ಬಚ್ಚಲಿನ ಪಕ್ಕದ ಗೋಡೆ, ಹಂಚಿನ ಮಾಡಿನ ಹಳೆಯ ಚಾವಡಿ, ಇಂಥ ಕಡೆಗೆ ಸಾದಾ ಎಂಡಿಎಫ್ ಬೇಡ. ತೇವ ತಡೆಯುವ ಎಚ್‌ಎಂಆರ್ ಅಥವಾ ಇನ್ನೂ ಹೆಚ್ಚು ಸಾಂದ್ರತೆಯ ಎಚ್‌ಡಿಎಚ್‌ಎಂಆರ್ ಕೇಳಿ. ಎಚ್‌ಎಂಆರ್ ಹಲಗೆಗೆ ಗುರುತಿಗೆಂದು ಸಾಮಾನ್ಯವಾಗಿ ಹಸಿರು ಬಣ್ಣ ಬೆರೆಸಿರುತ್ತಾರೆ. ‘ತೇವ ತಡೆಯುವುದು’ ಎಂದರೆ ನೀರಿನಲ್ಲಿ ಬಿದ್ದರೂ ಆದೀತು ಎಂದಲ್ಲ, ಅಷ್ಟು ನೆನಪಿರಲಿ. ಎಚ್‌ಡಿಎಚ್‌ಎಂಆರ್ ಸ್ಕ್ರೂವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಸಾಂದ್ರತೆ ಹೆಚ್ಚಿದಷ್ಟೂ ಮೊದಲೇ ತೂತು ಮಾಡುವುದು ಹೆಚ್ಚು ಅಗತ್ಯ. ದುಬಾರಿ ಹಲಗೆ ಬಿರಿಯುವುದಿಲ್ಲ ಎಂಬ ನಂಬಿಕೆಯಲ್ಲಿ ತೂತು ಮಾಡದೆ ಬಿಟ್ಟವರು ಹೆಚ್ಚು ದುಡ್ಡು ಕಳೆದುಕೊಳ್ಳುತ್ತಾರೆ. ಇನ್ನು ಪಾರ್ಟಿಕಲ್ ಬೋರ್ಡ್ ಬೇರೆಯೇ ವಸ್ತು. ಅದು ಚಕ್ಕೆಗಳದ್ದು, ಅಂಚು ಬಿರಿಯುವ ಬದಲು ಪುಡಿಯಾಗಿ ಉದುರುತ್ತದೆ.

ಅಂಗಡಿಯಿಂದ ತಂದ ಹಲಗೆಯನ್ನು ನೆಲದ ಮೇಲೆ ನೇರವಾಗಿ ಇಡಬೇಡಿ, ಗೋಡೆಗೆ ಒರಗಿಸಲೂ ಬೇಡಿ. ಎಂಟಡಿ ನಾಲ್ಕಡಿಯ 18 ಮಿ.ಮೀ. ಹಲಗೆ ಸುಮಾರು 40 ಕೆ.ಜಿ. ತೂಗುತ್ತದೆ. ಒರಗಿಸಿದರೆ ತನ್ನ ಭಾರಕ್ಕೇ ಬಾಗುತ್ತದೆ. ಒಂದೇ ದಪ್ಪದ ನಾಲ್ಕೈದು ರೀಪುಗಳ ಮೇಲೆ ಚಪ್ಪಟೆಯಾಗಿ ಮಲಗಿಸಿ, ಕೆಲಸ ಮಾಡುವ ಕೋಣೆಯಲ್ಲೇ ಎರಡು ದಿನ ಬಿಡಿ.

ಯಾವ ಸ್ಕ್ರೂ

ಅಂಗಡಿಯಲ್ಲಿ ‘ಒಂದೂವರೆ ಇಂಚಿನ ಸ್ಕ್ರೂ ಕೊಡಿ’ ಎಂದರೆ ಹೆಚ್ಚಾಗಿ ಕೈಗೆ ಬರುವುದು ಜಿಪ್ಸಂ ಸೀಲಿಂಗಿಗೆ ಬಳಸುವ ಕಪ್ಪು ಸ್ಕ್ರೂ. ನನ್ನ ಅಭಿಪ್ರಾಯದಲ್ಲಿ ಕಪಾಟಿನ ಕೆಲಸಕ್ಕೆ ಅದು ಬೇಡ. ಅದರ ಉಕ್ಕು ಪೆಡಸು, ಜೋರು ತಿರುಚಿದರೆ ತಲೆ ಮುರಿಯುತ್ತದೆ. ಕಹಳೆಯ ಬಾಯಿಯಂಥ ಅದರ ತಲೆ ಇಳಿಯುವಾಗ ಹಲಗೆಯನ್ನು ಅಗಲಿಸುತ್ತದೆ. ಮಂಜೇಶ್ವರ, ಕುಂಬಳೆ, ಬೇಕಲದಂಥ ಕಡಲ ಬದಿಯ ಮನೆಗಳಲ್ಲಿ ಅದರ ಕಪ್ಪು ಲೇಪ ಉಪ್ಪು ಗಾಳಿಗೆ ನಿಲ್ಲುವುದಿಲ್ಲ. ಕೆಲವೇ ಮಳೆಗಾಲದಲ್ಲಿ ಬಣ್ಣದ ಮೇಲೆ ತುಕ್ಕಿನ ಕಲೆ ಏಳುತ್ತದೆ.

ಹಳೆಯ ಕಾಲದ ಮರದ ಸ್ಕ್ರೂ ಕೂಡ ಇಲ್ಲಿ ಒಳ್ಳೆಯದಲ್ಲ. ಅದರ ಮೈ ತುದಿಯಿಂದ ತಲೆಗೆ ಬರುತ್ತ ದಪ್ಪವಾಗುತ್ತದೆ. ಹಲಸು, ತೇಗಕ್ಕೆ ಅದು ಹೊಂದುತ್ತದೆ, ಎಂಡಿಎಫ್ ಅಂಚಿಗೆ ಅದೇ ಬೆಣೆ. ನಮಗೆ ಬೇಕಾದದ್ದು ಉದ್ದಕ್ಕೂ ಒಂದೇ ದಪ್ಪದ ಸಪೂರ ಮೈ, ಅಗಲವಾದ ಚೂಪು ಸುರುಳಿ ಇರುವ ಚಿಪ್‌ಬೋರ್ಡ್ ಸ್ಕ್ರೂ. ಜಿಂಕ್ ಲೇಪದ್ದು ಒಳಕೋಣೆಗೆ ಸಾಕು. ಕಡಲ ಬದಿಯಾದರೆ ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಸ್ಟೇನ್‌ಲೆಸ್ ಉಕ್ಕು ಮೆದು, ತಲೆಯ ತೋಡು ಬೇಗ ಸವೆಯುತ್ತದೆ, ಆದ್ದರಿಂದ ನಿಧಾನವಾಗಿ ತಿರುಗಿಸಬೇಕು.

ದಪ್ಪದ ಲೆಕ್ಕ ಹೀಗೆ: ಅಂಚಿಗೆ ಹಾಕುವ ಸ್ಕ್ರೂವಿನ ದಪ್ಪ ಹಲಗೆಯ ದಪ್ಪದ ಕಾಲು ಭಾಗ ಮೀರಬಾರದು, ಐದರಲ್ಲೊಂದರಷ್ಟಿದ್ದರೆ ಇನ್ನೂ ಸಮಾಧಾನ. 18 ಮಿ.ಮೀ. ಹಲಗೆಗೆ 4 ಮಿ.ಮೀ. ಸರಿ. 12 ಮಿ.ಮೀ. ಹಲಗೆಗೆ 3 ಮಿ.ಮೀ.ಗಿಂತ ಹೆಚ್ಚು ಬೇಡ. ಅದಕ್ಕಿಂತ ತೆಳ್ಳಗಿನ ಹಲಗೆಯ ಅಂಚಿಗೆ ಸ್ಕ್ರೂ ಹಾಕುವ ಯೋಚನೆಯನ್ನೇ ಬಿಟ್ಟು ಮೂಲೆಗೆ ಮರದ ರೀಪು ಕೊಡಿ. ಬಿಗಿ ಹೆಚ್ಚು ಬೇಕೆಂದಾಗ ದಪ್ಪ ಸ್ಕ್ರೂವಿಗೆ ಕೈ ಹಾಕುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಹೆಚ್ಚು ಉದ್ದದ ಸ್ಕ್ರೂ ತೆಗೆದುಕೊಳ್ಳಬೇಕು. 18 ಮಿ.ಮೀ. ಬದಿಹಲಗೆ ದಾಟಿ ಇನ್ನೊಂದರ ಅಂಚಿನೊಳಗೆ 30 ಮಿ.ಮೀ.ಗೆ ಕಡಿಮೆಯಿಲ್ಲದಂತೆ ಇಳಿಯಬೇಕಾದರೆ 50 ಮಿ.ಮೀ. ಸ್ಕ್ರೂ, ಅಂದರೆ ಎರಡು ಇಂಚಿನದು ಬೇಕು.

ತೂತಿನ ಅಳತೆ

ಸ್ಕ್ರೂವಿಗೆ ಎರಡು ದಪ್ಪಗಳಿವೆ. ಸುರುಳಿಯನ್ನೂ ಸೇರಿಸಿ ಅಳೆದದ್ದು ಹೊರದಪ್ಪ, ಪೆಟ್ಟಿಗೆಯ ಮೇಲೆ ಬರೆದಿರುವುದು ಇದೇ. ಸುರುಳಿಯ ನಡುವಿನ ದಿಂಡಿನದ್ದು ಒಳದಪ್ಪ. ತೂತಿನ ಲೆಕ್ಕಕ್ಕೆ ಬೇಕಾದದ್ದು ಒಳದಪ್ಪ. ವರ್ನಿಯರ್ ಕ್ಯಾಲಿಪರ್ ಇದ್ದರೆ ಅಳೆಯಿರಿ. ಇಲ್ಲದಿದ್ದರೆ ಸ್ಕ್ರೂವಿನ ಮುಂದೆ ಡ್ರಿಲ್ ಬಿಟ್ ಹಿಡಿದು ಬೆಳಕಿಗೆ ನೋಡಿ. ಬಿಟ್ಟಿನ ಎರಡೂ ಪಕ್ಕ ಸುರುಳಿಯ ಅಲಗು ಮಾತ್ರ ಕಾಣಬೇಕು, ದಿಂಡು ಅದರ ಹಿಂದೆ ಮರೆಯಾಗಬೇಕು.

ಮುಖಕ್ಕೆ ಹಾಕುವಾಗ ತೂತು ಒಳದಪ್ಪದಷ್ಟೇ ಇರಲಿ. ಅಂಚಿಗೆ ಹಾಕುವಾಗ ಅದಕ್ಕಿಂತ ಕೂದಲೆಳೆ ಹೆಚ್ಚು. 4 ಮಿ.ಮೀ. ಚಿಪ್‌ಬೋರ್ಡ್ ಸ್ಕ್ರೂವಿಗೆ ನಾನು ಮುಖದಲ್ಲಿ 2.5, ಅಂಚಿನಲ್ಲಿ 3 ಮಿ.ಮೀ. ಬಿಟ್ ಹಾಕುತ್ತೇನೆ. 3.5ರ ಸ್ಕ್ರೂವಿಗೆ ಅಂಚಿನಲ್ಲಿ 2.5. ಅಂಚಿನ ತೂತು ದೊಡ್ಡದಾದರೆ ಹಿಡಿತ ಕಡಿಮೆಯಾದೀತೆಂದು ಹೆದರುವವರಿದ್ದಾರೆ. ಬಿರಿದ ಅಂಚಿನ ಹಿಡಿತ ಸೊನ್ನೆ ಎಂಬುದನ್ನು ಅವರು ಪಕ್ಕದಲ್ಲಿಟ್ಟು ನೋಡಬೇಕು.

ಮೇಲಿನ ಹಲಗೆಗೆ, ಅಂದರೆ ಸ್ಕ್ರೂ ಹಾದುಹೋಗುವ ಬದಿಹಲಗೆಗೆ, ಬೇರೆಯೇ ತೂತು ಬೇಕು. 4 ಮಿ.ಮೀ. ಸ್ಕ್ರೂವಿಗೆ 4.5 ಮಿ.ಮೀ. ತೂತು. ಸುರುಳಿ ಇಲ್ಲಿ ಕಚ್ಚಲೇಬಾರದು. ಕಚ್ಚಿದರೆ ಎರಡು ಹಲಗೆಗಳ ನಡುವೆ ಉಳಿದ ಸಂದು ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಮುಚ್ಚಲೆಂದು ನೀವು ಇನ್ನೂ ತಿರುಗಿಸುತ್ತೀರಿ, ಒಳಗಿನ ಅಂಚು ಅಷ್ಟರಲ್ಲಿ ಬಿರಿದಿರುತ್ತದೆ.

ಕೆಲಸಕ್ಕೆ ಇಳಿಯುವಾಗ

ಮೊದಲು ಮೂಗು. ಎಂಡಿಎಫ್ ಧೂಳು ಬಹಳ ನುಣುಪು, ಅದರಲ್ಲಿ ಫಾರ್ಮಾಲ್ಡಿಹೈಡ್ ರಾಳವೂ ಇರುತ್ತದೆ. ಎನ್95 ಮಾಸ್ಕ್ ಹಾಕಿ, ಅಂಗಳದಲ್ಲೋ ತೆರೆದ ಜಗಲಿಯಲ್ಲೋ ಕೆಲಸ ಮಾಡಿ. ಪಕ್ಕದಲ್ಲಿ ಮಕ್ಕಳು ಆಡುವುದು ಬೇಡ.

ಕತ್ತರಿಸಿ ಉಳಿದ ಅದೇ ಹಲಗೆಯ ಒಂದು ತುಂಡನ್ನು ಮುಂದಿಟ್ಟುಕೊಳ್ಳಿ. ಅದೇ ಸ್ಕ್ರೂ, ಅದೇ ಬಿಟ್ಟಿನಿಂದ ಅದರ ಅಂಚಿನಲ್ಲಿ ಎರಡು ಸ್ಕ್ರೂ ಇಳಿಸಿ ನೋಡಿ. ಎರಡೂ ಪಕ್ಕ ಬೆರಳಾಡಿಸಿ. ಉಬ್ಬು ಸಿಕ್ಕಿದರೆ ತೂತು ಸಣ್ಣದಾಯಿತು ಎಂದರ್ಥ. ನಾನು ಮೇಲೆ ಕೊಟ್ಟ ಅಂಕಿಗಳಿಗಿಂತ ಈ ತುಂಡು ಹೇಳುವುದನ್ನು ಹೆಚ್ಚು ನಂಬಿ. ಒಂದೊಂದು ಕಂಪೆನಿಯ ಸ್ಕ್ರೂವಿನ ದಿಂಡು ಒಂದೊಂದು ದಪ್ಪ.

ಗುರುತು ಹಾಕುವಾಗ ಹಲಗೆಯ ದಪ್ಪವನ್ನು ಅಳೆದೇ ನಡುಗೆರೆ ಎಳೆಯಿರಿ. 18 ಎಂದು ಕೊಂಡದ್ದು ನಿಜವಾಗಿ 17.6 ಇರಬಹುದು. ನಡುವಿನಿಂದ ಎರಡು ಮಿ.ಮೀ. ಜಾರಿದರೂ ಒಂದು ಬದಿಯ ಗೋಡೆ ತೆಳ್ಳಗಾಗಿ ಅಲ್ಲೇ ಉಬ್ಬುತ್ತದೆ. ಮೊದಲ ಸ್ಕ್ರೂ ಮೂಲೆಯಿಂದ 60-70 ಮಿ.ಮೀ. ದೂರದಲ್ಲಿರಲಿ, 50ಕ್ಕಿಂತ ಹತ್ತಿರ ಯಾವ ಕಾರಣಕ್ಕೂ ಬೇಡ. ಮೂಲೆಯಲ್ಲಿ ಆ ಕಡೆಯಿಂದ ತಡೆಯುವ ಹಲಗೆಯೇ ಇಲ್ಲ, ಬಿರುಕಿಗೆ ಅದು ತೆರೆದ ಬಾಗಿಲು. ಅಲ್ಲಿಂದ ಮುಂದೆ 150 ಮಿ.ಮೀ.ಗೊಂದು ಸ್ಕ್ರೂ ಸಾಕು. ಬಿಂದುವನ್ನು ದಬ್ಬಣದಿಂದ ಕೈಯಲ್ಲೇ ಒತ್ತಿ ಮಾಡಿ. ಸುತ್ತಿಗೆಯಿಂದ ಹೊಡೆದರೆ ದಬ್ಬಣವೂ ಬೆಣೆಯೇ.

ಇನ್ನು ಹಲಗೆಗಳನ್ನು ಜೋಡಿಸಿ ಹಿಡಿಯುವುದು. ನನ್ನ ಅನುಭವದಲ್ಲಿ ಅರ್ಧ ಕೆಲಸ ಇಲ್ಲಿದೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಸ್ಕ್ರೂ ಇಳಿಯುವ ಜಾಗದಲ್ಲಿ, ಅಡ್ಡ ಹಲಗೆಯ ಎರಡೂ ಮುಖಗಳಿಗೆ ಗಟ್ಟಿ ಮರದ ತುಂಡು ಕೊಟ್ಟು, ಅಂಚಿನ ಹತ್ತಿರವೇ ಜಿ-ಕ್ಲಾಂಪ್ ಬಿಗಿಯಿರಿ. ಪದರ ಬಿಟ್ಟುಕೊಳ್ಳಬೇಕಾದರೆ ಹಲಗೆ ದಪ್ಪವಾಗಲೇಬೇಕು. ದಪ್ಪವಾಗಲು ಕ್ಲಾಂಪ್ ಬಿಡುವುದಿಲ್ಲ. ಕೈಗೆ ಸಿಕ್ಕಷ್ಟು ಬಿಗಿ ಸಾಕು, ಮುಖದ ಮೇಲೆ ಅಚ್ಚು ಬೀಳುವಷ್ಟು ಬೇಡ. ಎರಡು ಹಲಗೆಗಳು ಒಂದಕ್ಕೊಂದು ಸರಿಯದಂತೆ ಉದ್ದ ಕ್ಲಾಂಪ್ ಒಂದನ್ನು ಬೇರೆಯಾಗಿ ಹಾಕಿ. ಅದು ಇಲ್ಲದವರು ಹಗ್ಗ ಕಟ್ಟಿ, ಕೋಲು ತೂರಿಸಿ ತಿರುಚಿ ಬಿಗಿದರೂ ಆದೀತು.

ಬದಿಹಲಗೆಗೆ 4.5ರ ತೂತನ್ನು ಮೊದಲೇ ಮಾಡಿಟ್ಟಿರಿ. ಜೋಡಿಸಿದ ಮೇಲೆ ಆ ತೂತಿನ ಮೂಲಕ ಅಂಚಿನ ಮೇಲೆ ಜಾಗ ಗುರುತಿಸಿ, ನಂತರ 3 ಮಿ.ಮೀ. ಬಿಟ್ಟಿನಿಂದ ಅಂಚನ್ನು ಕೊರೆಯಿರಿ. ಬಿಟ್ ಹಲಗೆಗೆ ಸಮಾನಾಂತರವಾಗಿ ಹೋಗುತ್ತಿದೆಯೇ ಎಂದು ಇನ್ನೊಬ್ಬರು ಪಕ್ಕದಿಂದ ನೋಡಲಿ. ಆಳ ಎಷ್ಟಿರಬೇಕು? ಸ್ಕ್ರೂ ಇಳಿಯುವಷ್ಟು, ಅದರ ಮೇಲೆ ಎರಡು ಮೂರು ಮಿ.ಮೀ. ಬಿಟ್ಟಿಗೆ ಬಣ್ಣದ ಟೇಪ್ ಸುತ್ತಿ ಗುರುತಿಟ್ಟುಕೊಳ್ಳಿ. ತೂತು ಮೋಟಾದರೆ ಸ್ಕ್ರೂವಿನ ತುದಿ ಕೊನೆಯಲ್ಲಿ ಕನ್ನೆ ನಾರಿಗೆ ಗುದ್ದುತ್ತದೆ. ‘ತೂತು ಮಾಡಿದರೂ ಬಿರಿಯಿತು’ ಎನ್ನುವವರ ಹಲಗೆಯನ್ನು ನೋಡಿದಾಗೆಲ್ಲ ನನಗೆ ಸಿಕ್ಕಿದ್ದು ಎರಡೇ ಕಾರಣ: ಒಂದು ಈ ಮೋಟು ತೂತು, ಇನ್ನೊಂದು ತೂತಿನಲ್ಲಿ ಉಳಿದ ಪುಡಿ. ಎಂಡಿಎಫ್ ಪುಡಿ ತೂತಿನ ತಳದಲ್ಲಿ ಹಿಟ್ಟಿನಂತೆ ಗಟ್ಟಿಯಾಗುತ್ತದೆ. ಕೊರೆಯುವಾಗ ಎರಡು ಮೂರು ಸಲ ಬಿಟ್ಟನ್ನು ಪೂರ್ತಿ ಹೊರಗೆಳೆಯಿರಿ. ಆಮೇಲೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಬಾಯಲ್ಲಿ ಊದಬೇಡಿ, ಅಷ್ಟೂ ಕಣ್ಣಿಗೆ ಬರುತ್ತದೆ.

ಈಗ ಕ್ಲಾಂಪ್ ಬಿಡಿಸಿ, ಹಲಗೆ ಬೇರ್ಪಡಿಸಿ, ಕೌಂಟರ್‌ಸಿಂಕ್ ಬಿಟ್ ತೆಗೆದುಕೊಳ್ಳಿ. ಬದಿಹಲಗೆಯ ಹೊರಮುಖದಲ್ಲಿ ಸ್ಕ್ರೂವಿನ ತಲೆ ಕೂರುವಷ್ಟು ಕುಳಿ ತೋಡಿ. ಎಂಡಿಎಫ್ ಮುಖ ಗಟ್ಟಿ, ಕುಳಿಯಿಲ್ಲದೆ ತಲೆ ತಾನಾಗಿ ಹೂತುಕೊಳ್ಳದು. ಬದಿಹಲಗೆಯ ಒಳಮುಖದ ತೂತಿಗೂ ಅಡ್ಡ ಹಲಗೆಯ ಅಂಚಿನ ತೂತಿನ ಬಾಯಿಗೂ ಬಿಟ್ಟನ್ನು ಒಂದೆರಡು ಸುತ್ತು ತಾಗಿಸಿ. ಸುರುಳಿ ಒಳಗೆ ಹೋಗುವಾಗ ಬಾಯಿಯ ನಾರನ್ನು ಮೇಲೆತ್ತಿ ಸಣ್ಣ ಗುಡ್ಡೆ ಮಾಡುತ್ತದೆ. ಆ ಗುಡ್ಡೆ ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡರೆ ಸಂದು ಉಳಿಯುತ್ತದೆ. ಬಾಯಿ ಸ್ವಲ್ಪ ಅಗಲವಾಗಿದ್ದರೆ ಗುಡ್ಡೆಗೆ ಅಲ್ಲೇ ಜಾಗವಾಗುತ್ತದೆ.

ಅಂಚಿಗೆ ಫೆವಿಕಾಲ್ ತೆಳ್ಳಗೆ ಹಚ್ಚಿ, ಎರಡು ನಿಮಿಷ ಹೀರಲು ಬಿಟ್ಟು, ಇನ್ನೊಂದು ಕೈ ಹಚ್ಚಿ ಜೋಡಿಸಿ, ಕ್ಲಾಂಪುಗಳನ್ನು ಮೊದಲಿನಂತೆಯೇ ಬಿಗಿಯಿರಿ. ಮೊದಲ ಕೈಯನ್ನು ಅಂಚು ಕುಡಿದುಬಿಡುತ್ತದೆ. ಕಪಾಟಿನ ನಿಜವಾದ ಬಲ ಈ ಅಂಟಿನಲ್ಲಿದೆ. ಅಂಟು ಒಣಗುವವರೆಗೆ ಸಂದನ್ನು ಒತ್ತಿ ಹಿಡಿಯುವುದೇ ಸ್ಕ್ರೂವಿನ ಮುಖ್ಯ ಕೆಲಸ. ಹೀಗೆ ಯೋಚಿಸಿದರೆ ಸ್ಕ್ರೂವನ್ನು ಕುತ್ತಿಗೆ ಹಿಚುಕಿದಂತೆ ಬಿಗಿಯುವ ಆಸೆ ತಾನಾಗಿ ಹೋಗುತ್ತದೆ.

ಸ್ಕ್ರೂವಿನ ಸುರುಳಿಗೆ ಮೇಣದ ಬತ್ತಿ ಉಜ್ಜಿ. ನಮ್ಮ ಕಡೆ ತೆಂಗಿನೆಣ್ಣೆಗೆ ಕೈ ಹೋಗುತ್ತದೆ. ಅದು ನಾರಿಗೆ ಹರಡಿ, ಮೇಲೆ ಹಚ್ಚುವ ಬಣ್ಣ ಹಿಡಿಯದಂತೆ ಮಾಡುತ್ತದೆ. ಸಾಬೂನು ತೇವ ಎಳೆದು ತುಕ್ಕು ತರುತ್ತದೆ. ಮೇಣ ಎರಡೂ ಮಾಡದು. ಡ್ರಿಲ್ಲಿನ ಕ್ಲಚ್ಚನ್ನು (ಬಿಗಿ ಹೆಚ್ಚಾದಾಗ ಸ್ಕ್ರೂ ತಿರುಗುವುದನ್ನು ನಿಲ್ಲಿಸುವ, ಅಂಕಿಗಳಿರುವ ಬಳೆ) ತೀರಾ ಕೆಳಗಿನ ಅಂಕಿಗೆ ತಿರುಗಿಸಿ, ವೇಗ ಕಡಿಮೆ ಮಾಡಿ, ಮುಕ್ಕಾಲು ಇಳಿಸಿ. ಉಳಿದದ್ದು ಕೈ ಸ್ಕ್ರೂಡ್ರೈವರಿನಲ್ಲಿ. ತಲೆ ಕುಳಿಯಲ್ಲಿ ಕೂತು ಸಂದು ಮುಚ್ಚಿತೇ, ನಿಲ್ಲಿಸಿ. ಅಲ್ಲಿಂದ ಮುಂದಿನ ಅರ್ಧ ಸುತ್ತು ಒಳಗಿನ ನಾರನ್ನು ಪುಡಿಮಾಡಿ ತೂತನ್ನು ಸಡಿಲಿಸುತ್ತದೆ. ಕೈಗೆ ಆ ಕ್ಷಣ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು.

ಬಿಚ್ಚಿ ಮತ್ತೆ ಹಾಕಬೇಕಾಗಿ ಬಂದರೆ ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಹಿಂದಕ್ಕೆ ತಿರುಗಿಸಿ. ಒಂದು ಕಡೆ ‘ಟಿಕ್’ ಎಂದು ಇಳಿದಂತಾಗುತ್ತದೆ. ಹಳೆಯ ಸುರುಳಿಯ ದಾರಿ ಅಲ್ಲಿದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹೊಸ ದಾರಿ ಕೊರೆಯದೆ ಹಳೆಯದರಲ್ಲೇ ಹೋಗುತ್ತದೆ. ಪದೇ ಪದೇ ಬಿಚ್ಚುವ ಸಾಮಾನಾದರೆ 7×50ರ, ಅಂದರೆ 7 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ, ಕನ್‌ಫರ್ಮ್ಯಾಟ್ ಎಂಬ ದಪ್ಪ ಸ್ಕ್ರೂ ಒಳ್ಳೆಯದು. ಅಂಚಿಗೆ 5 ಮಿ.ಮೀ., ಬದಿಹಲಗೆಗೆ 7 ಮಿ.ಮೀ. ತೂತು ಬೇಕು. ದಪ್ಪದ ಕಾಲುಭಾಗದ ಲೆಕ್ಕ ಇದಕ್ಕೆ ಹೊಂದುವುದಿಲ್ಲ ನಿಜ. ಇದರ ದಿಂಡು ಮೊಂಡು, ತೂತು ದೊಡ್ಡದು, ಆದ್ದರಿಂದ ಬೆಣೆಯಾಗುವುದಿಲ್ಲ. ತೂತಿನ ಅಳತೆ ಮಾತ್ರ ತಪ್ಪಲೇಬಾರದು.

ಮುಖಕ್ಕೆ ಹಾಕುವಾಗ

ಕೀಲು, ಹಿಡಿಕೆ, ಡ್ರಾಯರ್ ಚಾನೆಲ್ ಇವೆಲ್ಲ ಮುಖಕ್ಕೆ ಬೀಳುವಂಥವು. ಇಲ್ಲಿ ಹಿಡಿತ ಚೆನ್ನಾಗಿದೆ, ಭಯ ಕಡಿಮೆ. ಅಂಚಿನಿಂದ ಕನಿಷ್ಠ 25 ಮಿ.ಮೀ. ದೂರದಲ್ಲಿರಲಿ. ಕಪ್ ಕೀಲಿನ 3.5×16ರ ಸ್ಕ್ರೂವಿಗೆ 2 ಅಥವಾ 2.5 ಮಿ.ಮೀ. ತೂತು ಮಾಡಿ, ಆಳಕ್ಕೆ ಟೇಪ್ ಸುತ್ತುವುದನ್ನು ಮರೆಯಬೇಡಿ. ಬಾಗಿಲಿನ ಆಚೆ ಮುಖದಲ್ಲಿ ಮೊಡವೆಯಂತೆ ಉಬ್ಬು ಎದ್ದ ಮೇಲೆ ಅದನ್ನು ಮುಚ್ಚುವ ಬಣ್ಣವಿಲ್ಲ.

ಕಪಾಟು ಮಾಡುವವರಿಗೆ ಇನ್ನೊಂದು ಮಾತು. 18 ಮಿ.ಮೀ. ಎಂಡಿಎಫ್ ಅಡ್ಡ ಹಲಗೆ ಪುಸ್ತಕ ಹೊರುವುದಾದರೆ 600 ಮಿ.ಮೀ.ಗಿಂತ ಉದ್ದಕ್ಕೆ ಆಧಾರವಿಲ್ಲದೆ ಬಿಡಬೇಡಿ. ಹಲಗೆ ನಡುವಿನಲ್ಲಿ ಜೋತಾಗ ಅದರ ತುದಿ ಸ್ಕ್ರೂವನ್ನು ಮೀಟುತ್ತದೆ. ವರ್ಷ ಕಳೆದ ಮೇಲೆ ಬಿರಿಯುವ ಅಂಚುಗಳು ಹೆಚ್ಚಾಗಿ ಹೀಗೆ ಬಿರಿದವು.

ಕೆಲಸ ಮುಗಿದ ಮೇಲೆ ಬೆತ್ತಲೆ ಉಳಿದ ಪ್ರತಿಯೊಂದು ಅಂಚಿಗೂ, ಹಿಂಬದಿಯಲ್ಲಿ ಕಾಣದಿರುವುದಕ್ಕೂ, ನೀರು ಬೆರೆಸಿದ ಫೆವಿಕಾಲ್ ಅಥವಾ ಸ್ಯಾಂಡಿಂಗ್ ಸೀಲರ್ ಎರಡು ಕೈ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಇದನ್ನು ಮುಗಿಸಿಕೊಂಡರೆ ಒಳ್ಳೆಯದು. ಮಳೆ ಹಿಡಿದ ಮೇಲೆ ಯಾವುದೂ ಸರಿಯಾಗಿ ಒಣಗುವುದಿಲ್ಲ.

ಬಿರಿದೇ ಹೋದರೆ

ಹಲಗೆ ಎಸೆಯಬೇಕಾಗಿಲ್ಲ. ಸ್ಕ್ರೂ ತೆಗೆದು, ತೆಳು ಚಾಕುವಿನಿಂದ ಬಿರುಕನ್ನು ಸ್ವಲ್ಪವೇ ತೆರೆದು, ನೀರಾಗಿಸಿದ ಫೆವಿಕಾಲನ್ನು ಸಿರಿಂಜಿನಲ್ಲಿ ಆಳದವರೆಗೆ ಬಿಡಿ. ಎರಡೂ ಮುಖಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು ಕೊಟ್ಟು ಕ್ಲಾಂಪ್ ಬಿಗಿದು 24 ಗಂಟೆ ಮುಟ್ಟಬೇಡಿ. ಮಳೆಗಾಲವಾದರೆ ಎರಡು ದಿನ. ಆ ತೂತಿಗೆ ಮತ್ತೆ ಸ್ಕ್ರೂ ಹಾಕುವ ಬದಲು 40-50 ಮಿ.ಮೀ. ಸರಿದು ಹೊಸ ತೂತು ಮಾಡಿ.

ಸರಿಯಲು ಜಾಗವೇ ಇಲ್ಲದಿದ್ದರೆ ಗಟ್ಟಿ ಮರದ ಕಡ್ಡಿಯ ಉಪಾಯವಿದೆ. ಅಂಚಿನಿಂದ 25 ಮಿ.ಮೀ. ಒಳಗೆ, ಹಲಗೆಯ ಕೆಳಮುಖದಿಂದ 10 ಮಿ.ಮೀ. ತೂತನ್ನು ಮೇಲ್ಮುಖಕ್ಕೆ ತಾಗದಂತೆ, ಸುಮಾರು 15 ಮಿ.ಮೀ. ಆಳಕ್ಕೆ ಕೊರೆಯಿರಿ. ಅಷ್ಟೇ ದಪ್ಪದ ಹಲಸಿನದ್ದೋ ತೇಗದ್ದೋ ಉರುಟು ಕಡ್ಡಿಗೆ ಅಂಟು ಹಚ್ಚಿ ಕೂರಿಸಿ, ಒಣಗಿದ ಮೇಲೆ ಸಮ ಮಾಡಿ. ಈಗ ಅಂಚಿನಿಂದ ಬರುವ ಸ್ಕ್ರೂ ಎಂಡಿಎಫ್ ದಾಟಿ ಆ ಕಡ್ಡಿಯನ್ನು ಅಡ್ಡಕ್ಕೆ ಕಚ್ಚುತ್ತದೆ. ಹಿಡಿತಕ್ಕೆ ನಿಜವಾದ ಮರ ಸಿಕ್ಕಿತು. ಕಡ್ಡಿಯ ಮೂಲಕವೂ 3 ಮಿ.ಮೀ. ತೂತು ಮೊದಲೇ ಹೋಗಿರಬೇಕು, ಇಲ್ಲದಿದ್ದರೆ ಕಡ್ಡಿ ಸೀಳುತ್ತದೆ.

ಶಾಲೆಯ ಕಪಾಟಿನ ಬಲಬದಿಯಲ್ಲಿ ಅಂಥ ನಾಲ್ಕು ಹಲಸಿನ ಕಡ್ಡಿಗಳಿವೆ. ಬಣ್ಣದ ಕೆಳಗೆ ಕಣ್ಣಿಗೆ ಕಾಣುವುದಿಲ್ಲ, ಹಲಗೆಯ ಅಡಿಯಲ್ಲಿ ಬೆರಳಾಡಿಸಿದರೆ ಸಿಗುತ್ತವೆ. ಶಾಲೆಗೆ ಹೋದಾಗ ನಾನು ಒಮ್ಮೆ ಅಲ್ಲಿ ಕೈಯಾಡಿಸಿಯೇ ಬರುತ್ತೇನೆ.